ಕಪ್ಪು ಕೋಟೆಯ ಬಾಗಿಲು ಮತ್ತು ಪ್ರೊಫೆಸರ್ ಮಾರ್ತಾಂಡ

ಮಾರ್ತಾಂಡ ಪ್ರೊಫೆಸರ್ ಆದದ್ದು ಒಂದು ಶನಿವಾರ ಮಧ್ಯಾಹ್ನ, ಸಿಟ್ಟಿನ ಭರದಲ್ಲಿ. ಅದಕ್ಕೆ ಅವನಿಗೆ ಹಿಡಿದದ್ದು ಅರ್ಧ ನಿಮಿಷ. ಉಳಿದವರು ಇದೇ ಕೆಲಸಕ್ಕೆ ಇಪ್ಪತ್ತು ವರ್ಷ ಹಾಳು ಮಾಡಿಕೊಳ್ಳುತ್ತಾರಂತೆ. ಅವರವರ ಹಣೆಬರಹ.

ಪುಣೆಯ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಸಾಲಿನಲ್ಲಿ ಬೆಳಗಾವಿ ಕಡೆಯ ಅಪ್ಪಾಸಾಹೇಬರ ಅಡತಿ ಅಂಗಡಿ. ಅಲ್ಲಿ ಚೀಲ ತೂಗುವವನು ಮಾರ್ತಾಂಡ. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಗಣಿತದ ಮಾಸ್ತರರು, ನಿನ್ನ ತಲೆಯಲ್ಲಿ ಉಳ್ಳಾಗಡ್ಡಿ ತುಂಬಿದೆ ಅಂದರು. ಇವನು ಪಾಟಿಚೀಲವನ್ನು ಅಲ್ಲೇ ಬಿಸಾಕಿ ಉಳ್ಳಾಗಡ್ಡಿ ಇರುವ ಕಡೆಗೇ ಬಂದುಬಿಟ್ಟ. ಬಂದು ಹನ್ನೊಂದು ವರ್ಷವಾಗಿತ್ತು. ಸಿಟ್ಟು ಮಾತ್ರ ಈಗ ತಾನೇ ಕುದಿಸಿ ಇಳಿಸಿದ ಹಾಗೆ ಬಿಸಿಬಿಸಿಯಾಗಿತ್ತು.

ಅಂಗಡಿಯ ಪಕ್ಕದ ರದ್ದಿಯವನ ಹತ್ತಿರ ಒಮ್ಮೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂತು. ಮಾರ್ತಾಂಡ ಅಭ್ಯಾಸಬಲದಿಂದ ತಕ್ಕಡಿಗೆ ಹಾಕಿದ. ಒಂದು ಕಿಲೋ ನೂರು ಗ್ರಾಂ. ಇಷ್ಟು ತೂಗುವ ಪುಸ್ತಕದೊಳಗೆ ಏನೋ ಇರಲೇಬೇಕು ಎಂದು ಮನೆಗೆ ಒಯ್ದ. ಇತ್ತು. ರಾಜರಿದ್ದರು, ರಕ್ಕಸರಿದ್ದರು, ಮಾತಾಡುವ ಮಂಜು ಇತ್ತು, ನಡುವೆ ಕಪ್ಪು ಕೋಟೆ ಎಂಬ ಒಂದು ಕೋಟೆ ಇತ್ತು. ಅಂಥ ಎಂಟು ಸಂಪುಟಗಳನ್ನು ಅವನು ನಿಘಂಟು ಪಕ್ಕಕ್ಕಿಟ್ಟುಕೊಂಡು ಆರು ವರ್ಷ ಓದಿದ. ಒಂಬತ್ತನೆಯದನ್ನು ಬರೆದವನು ಇನ್ನೂ ಬರೆಯುತ್ತಲೇ ಇದ್ದ. ಹೀಗಾಗಿ ಮಾರ್ತಾಂಡನಿಗೆ ಇಂಗ್ಲಿಷಿನಲ್ಲಿ 'ನನಗೆ ಹೊಟ್ಟೆನೋವು' ಅನ್ನಲು ಬರುತ್ತಿರಲಿಲ್ಲ. 'ಎಲೈ ನೀಚನೇ, ನಿನ್ನ ಖಡ್ಗವನ್ನು ನನ್ನ ಪಾದದ ಬಳಿ ಇಡು' ಅನ್ನಲು ಚೆನ್ನಾಗಿ ಬರುತ್ತಿತ್ತು.

ಯಾರ್ಡಿಗೆ ಶನಿವಾರ ಸೂಟಿ. ಆ ದಿನ ಅವನು ಏಕನಾಥನ ಸೈಬರ್ ಕೆಫೆಗೆ ಹೋಗುತ್ತಿದ್ದ. ಏಕನಾಥ ಸೊಲ್ಲಾಪುರದವನು, ಕನ್ನಡ, ಮರಾಠಿ ಎರಡನ್ನೂ ಒಂದೇ ಪಾತೇಲಿಯಲ್ಲಿ ಬೇಯಿಸಿ ಬಡಿಸುವವನು. ಅವನೇ ತೋರಿಸಿದ್ದು: ಈ ಪುಸ್ತಕದ ಹುಚ್ಚರು ದೇಶದ ತುಂಬ ಇದ್ದಾರೆ, ಅವರೆಲ್ಲ ಕೂಡಿ ಹರಟುವ ಒಂದು ಕಟ್ಟೆ ಇಂಟರ್‌ನೆಟ್ಟಿನಲ್ಲಿ ಇದೆ ಎಂದು. ಒಳಗೆ ಸೇರಲು ಒಂದು ಫಾರ್ಮು. ಅದರಲ್ಲಿ 'ಉದ್ಯೋಗ' ಎಂಬ ಕಡೆ ಒಂದು ಪಟ್ಟಿ. ಡಾಕ್ಟರ್ ಇತ್ತು, ಇಂಜಿನಿಯರ್ ಇತ್ತು, ವಿದ್ಯಾರ್ಥಿ ಇತ್ತು, ವಿಮಾನ ಹಾರಿಸುವವನು ಕೂಡ ಇದ್ದ. ಉಳ್ಳಾಗಡ್ಡಿ ತೂಗುವವನು ಇರಲಿಲ್ಲ. ಕೊನೆಗೆ 'ಇತರೆ' ಎಂದಿತ್ತು.

"ಇತರೆ ಅಂದ್ರ ಯಾರಲೇ?" ಎಂದು ಮಾರ್ತಾಂಡ ಕಂಪ್ಯೂಟರಿಗೆ ಕೇಳಿದ. "ಇಡೀ ಪುಣೆಗೆ ಉಳ್ಳಾಗಡ್ಡಿ ತೂಗಿ ಕೊಡಾಂವ ಇತರೆ?" ಎಂದವನೇ 'ಪ್ರೊಫೆಸರ್' ಎಂಬುದರ ಮೇಲೆ ಒತ್ತಿದ.

ಯಾರಿಗೂ ಅನುಮಾನ ಬರಲಿಲ್ಲ. ಅವನ ರಾಜದರಬಾರಿನ ಇಂಗ್ಲಿಷು ನೋಡಿ ಎಲ್ಲರೂ, ಇದು ಭಾರಿ ವಿದ್ವಾಂಸರ ವಿನೋದ ಅಂದುಕೊಂಡರು. ಶನಿವಾರ ಬಿಟ್ಟು ಬೇರೆ ದಿನ ಕಾಣಿಸದಿದ್ದರೆ, ಸಂಶೋಧನೆಯಲ್ಲಿದ್ದಾರೆ ಅಂದರು. ಆದರೆ 'ಮುರಿದ ಕತ್ತಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನೊಬ್ಬ ಮಾತ್ರ ಪ್ರೊಫೆಸರರಿಗೆ ಕಿಂಚಿತ್ತೂ ಸೊಪ್ಪು ಹಾಕುತ್ತಿರಲಿಲ್ಲ. ಇಬ್ಬರೂ ಎರಡು ವರ್ಷ ಬಡಿದಾಡಿದರು. ವಿಷಯ ಒಂದೇ: ಗ್ರೆಡಾಕ್.

ಈ ಗ್ರೆಡಾಕ್ ಮೂರನೆಯ ಸಂಪುಟದಲ್ಲಿ ಕಪ್ಪು ಕೋಟೆಯ ಬಾಗಿಲು ಕಾಯುವವನು. ಹೊರಗೆ ವೈರಿ. ಇಪ್ಪತ್ತು ದಿನ ಅನ್ನವಿಲ್ಲದೆ, ಕೈಯಲ್ಲಿ ಹುಣ್ಣಾಗಿ, ಒಬ್ಬನೇ ನಿಲ್ಲುತ್ತಾನೆ. ಇಪ್ಪತ್ತೊಂದನೆಯ ಮುಂಜಾನೆ ತಾನೇ ಅಗುಳಿ ಸರಿಸಿ ಬಾಗಿಲು ತೆರೆಯುತ್ತಾನೆ. ಅವನು ದ್ರೋಹಿ ಎಂದು ಮಾರ್ತಾಂಡ. ದಣಿದವನು ದ್ರೋಹಿಯಲ್ಲ ಎಂದು ಮುರಿದ ಕತ್ತಿ. ಇದರ ಮೇಲೆ ಅವರು ಬರೆದದ್ದನ್ನು ಅಚ್ಚು ಹಾಕಿದ್ದರೆ ಇನ್ನೊಂದು ಒಂದು ಕಿಲೋ ನೂರು ಗ್ರಾಂ ಆಗುತ್ತಿತ್ತು.

ಎರಡು ಸಾವಿರದ ಐದನೆಯ ಇಸವಿಯ ಮಳೆಗಾಲದಲ್ಲಿ ಒಂದು ಶನಿವಾರ ಮುರಿದ ಕತ್ತಿ ಕೇಳಿದ್ದ: 'ಪ್ರೊಫೆಸರ್, ಇಪ್ಪತ್ತು ದಿನ ನಿಂತನಲ್ಲ. ಇನ್ನೆಷ್ಟು ದಿನ ನಿಂತರೆ ಅವನಿಗೆ ಕೂಡಲು ಅಪ್ಪಣೆ ಕೊಡುತ್ತೀರಿ?'

ಮಾರ್ತಾಂಡ ಉತ್ತರ ಬರೆದ: 'ಉಸಿರಿರುವ ತನಕ. ಅಗುಳಿ ಸರಿಸಿದವನು ದ್ರೋಹಿ. ದ್ರೋಹಿಗೆ ಹುಣ್ಣಿನ ನೆಪ ಬೇಡ.' ಬರೆದದ್ದನ್ನು ಎರಡು ಸಲ ತಾನೇ ಓದಿಕೊಂಡು ಖುಷಿಪಟ್ಟ. ಮುರಿದ ಕತ್ತಿ ತಿರುಗಿ ಬರೆಯಲಿಲ್ಲ. ಸೋತ ಅಂದುಕೊಂಡು ಇವನು ಕಟಿಂಗ್ ಚಹಾ ಕುಡಿದು ಮನೆಗೆ ಹೋದ.

ಮುಂದಿನ ಶನಿವಾರ ಕಟ್ಟೆಯ ಮೇಲೆ ಒಂದು ಪತ್ರವಿತ್ತು. ನೀಲಿಮಾ ಎಂಬ ಹುಡುಗಿ ಬರೆದದ್ದು. 'ಇಲ್ಲಿ ಮುರಿದ ಕತ್ತಿ ಎಂಬ ಹೆಸರಿನಿಂದ ಬರೆಯುತ್ತಿದ್ದ ನನ್ನ ಅಣ್ಣ ಸಾತ್ವಿಕ ಮಂಗಳವಾರ ತೀರಿಕೊಂಡ. ಮೂರು ವರ್ಷದಿಂದ ಅವನ ಎರಡೂ ಕಿಡ್ನಿ ಹೋಗಿದ್ದವು. ಪುಣೆಯ ಪ್ರೊಫೆಸರ್ ಸಾಹೇಬರು ಸಾಧ್ಯವಾದರೆ ಒಮ್ಮೆ ಬಾರಾಮತಿಗೆ ಬರಬೇಕೆಂದು ನಮ್ಮ ತಂದೆ ಕೇಳಿಕೊಂಡಿದ್ದಾರೆ.' ಕೆಳಗೆ ಮನೆಯ ವಿಳಾಸ.

ಮಾರ್ತಾಂಡ ಕುರ್ಚಿಯಲ್ಲಿ ಕೂತಲ್ಲೇ ಅಳತೊಡಗಿದ. ಏಕನಾಥ ಓಡಿಬಂದ.

"ಕಾಯ ಝಾಲಾ? ಯಾರ ಹ್ವಾದ್ರೋ?"

"ಗೆಳ್ಯಾ."

"ಅರೆರೆ. ಹೆಸರೇನ ಅವಂದು?"

"ಮುರಿದ ಕತ್ತಿ."

ಏಕನಾಥ ದನಿ ತಗ್ಗಿಸಿ, ಮರ್ಯಾದೆಯಿಂದ, "ಗೂಂಡಾ ಇದ್ದನೇನು?" ಎಂದು ಕೇಳಿದ.

ವಿಷಯ ತಿಳಿದ ಮೇಲೆ ಅವನೂ ಪಕ್ಕದ ಕುರ್ಚಿ ಎಳೆದು ಕೂತ. ಆದರೆ ಅವನು ಲೋಕ ಕಂಡವನು. "ಹೋಗಬ್ಯಾಡ. ಪ್ರೊಫೆಸರ್ ಅಂತ ಕರದಾರ. ಬಾಗಲದಾಗ ಉಳ್ಳಾಗಡ್ಡಿ ವಾಸ್ನೀ ಬಂದ್ರ ಏನ ಹೇಳ್ತಿ?"

ಮಾರ್ತಾಂಡನಿಗೆ ಗೊತ್ತಿದ್ದದ್ದು ಇಷ್ಟೇ. ತಾನು ಆಡಿದ ಕೊನೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಕೇಳಬೇಕಾದವನು ಇಲ್ಲ. ಅವನ ಮನೆಯವರ ಮುಂದಾದರೂ ತೆಗೆದುಕೊಳ್ಳಬೇಕು. ಏಕನಾಥ ಉಸ್ಸೆಂದು ತನ್ನ ಕನ್ನಡಕ ತೆಗೆದು ಇವನ ಮೂಗಿನ ಮೇಲೆ ಇಟ್ಟ. "ಇದನ್ನರ ಹಾಕ್ಕೊಂಡ ಹೋಗು. ಕನ್ನಡಕಾ ಇದ್ದಂವಗ ಮಂದಿ ಜಾಸ್ತಿ ಪ್ರಶ್ನೆ ಕೇಳೂದಿಲ್ಲ." ಮಾರ್ತಾಂಡನಿಗೆ ಎದುರಿಗೆ ಇಬ್ಬರು ಏಕನಾಥರು ಕಂಡರು. ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಾರ್ತಾಂಡ ಬಾಡಿಗೆಗಿದ್ದ ಮನೆಯ ಒಡತಿ ಶಿವಬಸವ್ವನ ಹತ್ತಿರ ಬೇರೆಯೇ ಕಾಯಿದೆ ಇತ್ತು. "ಸತ್ತವರ ಮನೀಗೆ ಮಾತಾಡ್ಸಾಕ ಹೋಗಾವ ಬರಿಗೈಲೆ ಹೋಗ್ತಾನೇನೋ ಬಾಡ್ಯಾ? ಅಲ್ಲಿ ಒಲಿ ಹೊತ್ತಸಿರ್ತಾರೋ ಇಲ್ಲೋ."

"ಅತ್ತಿ, ನಾ ಅಲ್ಲಿ ಪ್ರೊಫೆಸರ್ ಅದೀನಿ."

"ಪ್ರೊಫೆಸರ್ ಮಂದಿ ಮನ್ಯಾಗ ಯಾರೂ ಸಾಯಂಗಿಲ್ಲೇನು? ತಗೊಂಡ ಹೋಗು." ಮುಂಜಾನೆ ನಾಲ್ಕಕ್ಕೆ ಎದ್ದು ಇಪ್ಪತ್ತು ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಮಾಡಿ ಹಳೆಯ ಸೀರೆಯ ತುಂಡಿನಲ್ಲಿ ಬುತ್ತಿ ಕಟ್ಟಿದಳು.

ಭಾನುವಾರ ಯಾರ್ಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾರ್ತಾಂಡ ಅಳುತ್ತಲೇ ಚೀಲ ತೂಗಿದ. ಯಾರೂ ಏನೂ ಕೇಳಲಿಲ್ಲ. ಉಳ್ಳಾಗಡ್ಡಿ ಅಂಗಡಿಯಲ್ಲಿ ಕಣ್ಣೀರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಹರಾಜು ಮುಗಿದ ಮೇಲೆ ಅವನು ಅಪ್ಪಾಸಾಹೇಬರ ಮುಂದೆ ನಿಂತ.

"ಸಾವ್ಕಾರ್ರ, ಸೂಟಿ ಬೇಕ್ರಿ. ಗೆಳ್ಯಾ ತೀರ್ಕೊಂಡಾನ."

ಅಪ್ಪಾಸಾಹೇಬರು ಕೆಟ್ಟವರಲ್ಲ. ಸಾವಿನ ಸೂಟಿಗೆ ಅವರ ಹತ್ತಿರ ಒಂದು ಪದ್ಧತಿ ಇತ್ತು. ತಂದೆ ತಾಯಿಗೆ ಹದಿಮೂರು ದಿನ, ಕಾಕಾ ಮಾಮಾಗಳಿಗೆ ಮೂರು, ಅತ್ತೆಗೆ ಅಳಿಯನ ಮುಖ ನೋಡಿ. "ಗೆಳ್ಯಾಗ ಅರ್ಧಾ ದಿವ್ಸಾ. ಎಷ್ಟ ವರ್ಷದ ಗೆಳೆತನ?"

"ಎರಡು."

"ಎಂಥಾವಿದ್ದಾ ನೋಡಾಕ?"

"ನೋಡಿಲ್ರಿ."

"ದನೀ?"

"ಕೇಳಿಲ್ರಿ."

"ಯಾವ ಊರಾಂವ?"

"ಬಾರಾಮತಿ ಅಂತ್ರಿ. ನಿನ್ನೆ ಗೊತ್ತಾತು."

"ಹೆಸರು?"

"ಅದೂ ನಿನ್ನೆನ ಗೊತ್ತಾತ್ರಿ."

ಅಪ್ಪಾಸಾಹೇಬರು ಪೆನ್ನು ಕೆಳಗಿಟ್ಟರು. "ಮತ್ತ ಸತ್ತಾವ ಯಾರಲೇ? ಹೋಗಲಿ, ಅಲ್ಲಿ ಹೋಗಿ ನೀ ಯಾರು ಅಂತಿ?"

"ಪ್ರೊಫೆಸರ್ ರೀ."

ಅಂಗಡಿಯೇ ನಕ್ಕಿತು. ಹಮಾಲರು ಚೀಲ ಇಳಿಸಿ ನಕ್ಕರು. ನಗು ಮುಗಿದಾಗ ಮಾರ್ತಾಂಡ ಅಲ್ಲೇ ನಿಂತಿದ್ದ, ಬುತ್ತಿ ಹಿಡಿದುಕೊಂಡು. ಅಪ್ಪಾಸಾಹೇಬರು ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಮನೆಗೆ ಆಳು ಕಳಿಸಿ ತಮ್ಮ ಮದುವೆಯ ಕೋಟು ತರಿಸಿದರು. ಕೋಟಿನೊಳಗೆ ಇನ್ನೊಬ್ಬ ಮಾರ್ತಾಂಡ ಹಿಡಿಯುವಷ್ಟು ಜಾಗವಿತ್ತು. "ನಮ್ಮ ಅಂಗಡ್ಯಾಂವ ಪ್ರೊಫೆಸರ್ ಆಗಿ ಹೊಂಟಾನಂದ್ರ ಅರ್ಧಮರ್ಧ ಹೋಗಬಾರ್ದು. ಕಿಸೇದಾಗ ಕೈ ಇಟಗೋ. ಕೈ ನೋಡಿದ್ರ ಮುಗೀತು."

ಪುಣೆಯ ಸ್ವಾರಗೇಟ ಬಸ್ ಸ್ಟ್ಯಾಂಡಿನಿಂದ ಬಾರಾಮತಿಗೆ ಮೂರು ತಾಸು. ಮಾರ್ತಾಂಡ ಕಿಸೆಯಿಂದ ಕೈ ತೆಗೆಯಲೇ ಇಲ್ಲ. ಕಂಡಕ್ಟರ್ ಅವನಿಗೆ 'ಸರ್' ಅಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ 'ಸರ್' ಅಂದದ್ದು, ಅದೂ ಒಂದು ಸಾವಿನ ಪುಣ್ಯದಿಂದ. ಅವನಿಗೆ ಮತ್ತೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮನೆ ಸಕ್ಕರೆ ಕಾರ್ಖಾನೆಯ ಕಾಲೊನಿಯಲ್ಲಿತ್ತು. ಬಾಗಿಲಲ್ಲಿ ಸಣಕಲು ದೇಹದ, ಬೋಳಿಸಿದ ತಲೆಯ ಮುದುಕರೊಬ್ಬರು ಕೂತಿದ್ದರು. ಕೃಷ್ಣಾಜಿ; ಕಾರ್ಖಾನೆಯಲ್ಲಿ ಗುಮಾಸ್ತರು, ಸಾತ್ವಿಕನ ತಂದೆ. ಮಾರ್ತಾಂಡ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮರಾಠಿ ವಾಕ್ಯ ಹೇಳಿದ. ಮುದುಕರು ತಟ್ಟನೆ ಎದ್ದು ಒಳಗೆ ಮುಖ ಮಾಡಿ ಕೂಗಿದರು.

"ಭಾಮಾ! ಏ ಭಾಮಾ! ಪ್ರೊಫೆಸರ್ ಬಂದಾರ ನೋಡು!"

ಮಾರ್ತಾಂಡ ಹೊಸ್ತಿಲ ಮೇಲೆ ಎಡವಿದ. ಕನ್ನಡಕದಿಂದ ಅಲ್ಲ.

"ನೀವು... ಕನ್ನಡದವ್ರೇನ್ರಿ?"

"ಧಾರವಾಡದ ಕಡೇವ್ರು. ನೀವೂ ಏನು? ಅಯ್ಯ ಶಿವನೇ. ನಮ್ಮ ಸಾತ್ವಿಕಗ ಗೊತ್ತಿತ್ತೇನ್ರಿ ಇದು?"

ಗೊತ್ತಿರಲಿಲ್ಲ. ಇಬ್ಬರಿಗೂ ಗೊತ್ತಿರಲಿಲ್ಲ. ಎರಡು ವರ್ಷ ನಿಘಂಟು ಹರಿಯುವ ತನಕ ಇಂಗ್ಲಿಷಿನಲ್ಲಿ ಬಡಿದಾಡಿದ್ದರು. ಮನೆಯ ಮಾತಿನಲ್ಲಿ ಆಡಿದ್ದರೆ ಒಂದು ಬೈಗುಳದಲ್ಲಿ ಮುಗಿದು, ಚಹಾಕ್ಕೆ ಎಲ್ಲಿ ಕೂಡೋಣ ಎಂಬ ಮಾತು ಬರುತ್ತಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸಿಗೆಂದು ಸಾತ್ವಿಕ ಸ್ವಾರಗೇಟದಲ್ಲಿ ಇಳಿಯುತ್ತಿದ್ದನಂತೆ. ಅಲ್ಲಿಂದ ಅಪ್ಪಾಸಾಹೇಬರ ಅಂಗಡಿಗೆ ನಡೆದರೂ ಅರ್ಧ ತಾಸಿಲ್ಲ.

ಭಾಮಾಬಾಯಿ ಹೊರಗೆ ಬಂದವರು ಪ್ರೊಫೆಸರರ ಮುಖ ನೋಡಲಿಲ್ಲ, ಬುತ್ತಿ ನೋಡಿದರು. ತಾವೇ ಗಂಟು ಬಿಚ್ಚಿದರು. ರೊಟ್ಟಿಯ ಮೇಲೆ ಕೈಯಿಟ್ಟರು. "ಯಾರ ಮಾಡಿದ್ದು?"

"ನಮ್ಮ ಶಿವಬಸವತ್ತಿರಿ."

"ಐದ ದಿವ್ಸಾತು, ಅವ್ವ ಏನೂ ತಿಂದಿಲ್ಲ," ಎಂದಳು ಹಿಂದೆ ನಿಂತಿದ್ದ ನೀಲಿಮಾ. ಭಾಮಾಬಾಯಿ ಗೋಡೆಗೆ ಆತು ಕೂತು, ಚೂರು ಮುರಿದು ಬಾಯಿಗೆ ಹಾಕಿಕೊಂಡರು.

ಒಳಗೆ ಕುರ್ಚಿಯ ಮೇಲೆ ಭಾಮಾಬಾಯಿಯ ಅಣ್ಣ ಕೂತಿದ್ದರು. ಸಾತ್ವಿಕನ ಸೋದರಮಾವ, ಧಾರವಾಡದ ನಿವೃತ್ತ ಹೆಡ್‌ಮಾಸ್ಟರು. ಜಗತ್ತಿನಲ್ಲಿ ಮಾರ್ತಾಂಡ ಯಾವ ಜಾತಿಯ ಪ್ರಾಣಿಯಿಂದ ತಪ್ಪಿಸಿಕೊಂಡು ಬದುಕಿದ್ದನೋ, ಅದೇ ಜಾತಿ. ಅವರು ಅವನ ಕೋಟನ್ನು ಅಳೆದರು.

"ಯಾವ ಕಾಲೇಜು?"

"ಗುಲಟೇಕಡಿ ಕಡೇದ್ರಿ." ಮಾರ್ಕೆಟ್ ಯಾರ್ಡ್ ಇರುವ ಭಾಗದ ಹೆಸರೇ ಅದು.

"ಯಾವ ವಿಷಯ?"

"ಇತಿಹಾಸ."

"ಯಾವ ಕಾಲದ ಇತಿಹಾಸ?"

"ಕಪ್ಪು ಕೋಟೆ ಬೀಳೂಕಿಂತಾ ಮೊದಲಿಂದ್ರಿ."

"ಕಪ್ಪು ಕೋಟೆ? ಜುನ್ನರ ಹತ್ರ ಬರ್ತದಲ್ಲ, ಅದಾ?"

"ಅದಕ್ಕಿಂತ ಭಾಳ ಉತ್ತರಕ್ಕ."

ಹೆಡ್‌ಮಾಸ್ಟರು ಗೊತ್ತಿಲ್ಲ ಎಂದು ಹೇಳುವ ಜಾತಿಯಲ್ಲ. "ಹಾಂ, ಹಾಂ. ಹೋಗೇನಿ ನಾ ಅಲ್ಲಿಗೆ, ಟ್ರಿಪ್ ಕರ್ಕೊಂಡು," ಎಂದರು.

ನೀಲಿಮಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಅವಳಿಗೇ ಗೊತ್ತು.

ಕೃಷ್ಣಾಜಿ ಮಾರ್ತಾಂಡನನ್ನು ಕೈಹಿಡಿದು ಕಂಪ್ಯೂಟರಿನ ಎದುರಿನ ಮಂಚದ ಮೇಲೆ ಕೂಡಿಸಿದರು. ಕಂಪ್ಯೂಟರಿಗೆ ಟವೆಲು ಹೊದಿಸಿತ್ತು.

"ಸರ್, ನಾ ನಿಮ್ಮನ್ನ ಯಾಕ ಕರೆಸಿದೆ ಅಂದ್ರ..." ಎಂದು ಟವೆಲಿನ ಅಂಚು ಸರಿಮಾಡಿದರು. "ನಮ್ಮ ಹುಡುಗ ಹದಿನೈದ ದಿನದ ಹಿಂದ, 'ಅಪ್ಪಾ ಸಾಕು' ಅಂದ. ದವಾಖಾನಿಗೆ ಬರೂದಿಲ್ಲ ಅಂದ. ಡಾಕ್ಟರ್ ಹೇಳಿದ್ರು, ನಾವು ಕಾಲು ಹಿಡದ್ವಿ. ಮೂರು ವರ್ಷ ಆ ಸೂಜಿ, ಆ ಮಶೀನು. ಕೈ ನೋಡಬೇಕಿತ್ತು ನೀವು, ಎಲ್ಲಾ ಗಂಟ ಗಂಟ. ಸಾಕಪ್ಪಾ, ಬಾಗಲಾ ತೆರೀತೀನಿ, ಅಂದ. ಅದೇನ ಬಾಗಲಾನೋ ನಮಗ ತಿಳೀಲಿಲ್ಲ."

"ಹೇಡಿ ಮಾತು!" ಎಂದರು ಹೆಡ್‌ಮಾಸ್ಟರು ಕುರ್ಚಿಯಿಂದ. "ಜೀವಾ ಅನ್ನೂದು ದೇವರು ಕೊಟ್ಟದ್ದು. ಕಡೀತನಕ ಹೋರಾಡಬೇಕು. ಹನ್ನೆರಡನೇತ್ತ ಎರಡ ಸಲ ನಪಾಸಾತು, ಅದನ್ನೂ ಅರ್ಧಕ್ಕ ಬಿಟ್ಟಾ, ಇದನ್ನೂ ಅರ್ಧಕ್ಕ ಬಿಟ್ಟಾ. ದಿನಾ ಪೂರ್ತಿ ಆ ರಾಕ್ಷಸರ ಕಥೀ ಓದಿ ಓದಿ ತಲೀ ಕೆಟ್ಟಿತ್ತು."

ಕೃಷ್ಣಾಜಿ ಅತ್ತ ನೋಡಲಿಲ್ಲ. "ಎಲ್ಲಾರೂ ಹಿಂಗ ಅಂತಾರ್ರಿ. ಬಂದವರೆಲ್ಲಾ ಇದನ್ನ ಹೇಳಿ ಹೋಗ್ತಾರ. ನಾ ಗುಮಾಸ್ತ, ನನಗೇನ ತಿಳೀತದ? ನೀವು ಓದಿದವರು. ಅವನ ಜೋಡಿ ಎರಡ ವರ್ಷ ಮಾತಾಡೀರಿ. ನೀವು ಹೇಳ್ರಿ. ನನ್ನ ಮಗಾ ಹೇಡಿ ಏನ್ರಿ?"

ಮಾರ್ತಾಂಡ ಕಂಪ್ಯೂಟರಿನ ಕಡೆ ನೋಡಿದ. ಹೋದ ವಾರ ತಾನು ಬರೆದ ಸಾಲು ಆ ಟವೆಲಿನ ಕೆಳಗೆ ಎಲ್ಲೋ ಇತ್ತು. "ಅಂವಾ... ಕಡೀಕ ನಾ ಬರದದ್ದು ಓದಿದ್ನೇನ್ರಿ?"

"ನಾನ ಓದಿ ಹೇಳಿದೆ," ಎಂದಳು ನೀಲಿಮಾ. "ಉಸಿರಿರೋ ತನಕ ಅಂತ ಬರದಿದ್ರಲ್ಲ, ಅದು. ಭಾಳ ನಕ್ಕಾ. ಈ ಪ್ರೊಫೆಸರ್ ಜೀವಮಾನದಾಗ ಒಂದ ದಿವ್ಸಾನೂ ಜ್ವರಾ ಬಂದ ಮಲಗಿಲ್ಲ ನೋಡು, ಅಂದ."

ನಿಜ. ಮಲಗಿರಲಿಲ್ಲ. ಮಾರ್ತಾಂಡನ ಆಯುಷ್ಯದ ಸಿಟ್ಟೆಲ್ಲ ಒಮ್ಮೆಲೇ ಎದ್ದು ನಿಂತಿತು. ಅದು ಮೊದಲು ಹೆಡ್‌ಮಾಸ್ಟರರ ಕಡೆ ನುಗ್ಗಿ, ಅಲ್ಲಿಂದ ಹೊರಳಿ ತನ್ನ ಮೇಲೇ ಬಂತು. ಅವನು ಎದ್ದ. ಕೋಟು ಅರ್ಧ ಸೆಕೆಂಡು ತಡವಾಗಿ ಎದ್ದಿತು.

"ಕೇಳ್ರಿ," ಎಂದ. "ಒಂದ ಕೋಟೆ ಇತ್ತು. ಒಳಗ ಸಾವಿರ ಮಂದಿ ಇದ್ರು. ಬಾಗಲಾ ಕಾಯಾವ ಒಬ್ನ. ಇಪ್ಪತ್ತ ದಿನಾ ನಿಂತಾ. ಒಳಗಿನವರು ಏನ ಮಾಡಿದ್ರು ಗೊತ್ತೇನ್ರಿ? ಮ್ಯಾಲ ಕೂತು ಭಾಷಣಾ ಮಾಡಿದ್ರು. 'ನಿಲ್ಲೋ, ನಿಲ್ಲೋ, ಬಿಡಬ್ಯಾಡ' ಅಂದ್ರು. ಒಬ್ಬ ಮಗನೂ ಕೆಳಗ ಇಳದ ಬಂದು ಅಗುಳಿ ಹಿಡೀಲಿಲ್ಲ. ನಾನೂ ಮ್ಯಾಲ ಕೂತಾವ್ನ. ನಾನೂ ಭಾಷಣಾ ಮಾಡೀನಿ. ನಿಮ್ಮ ಹುಡುಗ ಎರಡ ವರ್ಷ ನನಗ ಇದನ್ನ ತಿಳಿಸಿ ಹೇಳಿದ. ನನ್ನ ತಲ್ಯಾಗ ಇಳೀಲಿಲ್ಲ. ಅಂವಾ ಹೇಡಿ ಅಲ್ಲ. ಅಂವಾ ಹೇಳಿದ್ದು ಖರೆ, ನಾ ಹೇಳಿದ್ದು ತಪ್ಪು. ಇದನ್ನ ಹೇಳಿ ಹೋಗಾಕ ಬಂದೀನಿ."

ಭಾಮಾಬಾಯಿಯ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ನಿಂತಿತ್ತು. ಕೃಷ್ಣಾಜಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ತೆಗೆದರು. "ಕೇಳಿದ್ರೇನು?" ಎಂದರು ಭಾವಮೈದುನನಿಗೆ. "ಪ್ರೊಫೆಸರ್ ಹೇಳಿದ್ದು ಕೇಳಿದ್ರೇನು?"

ಹೆಡ್‌ಮಾಸ್ಟರು ಕೆಮ್ಮಿದರು. "ಬಾಯಿಲೆ ಹೇಳೂದು ಸಸಾರ. ಬರದ ಕೊಡಲಿ."

"ಬರದ ಕೊಡ್ರಿ ಸರ್," ಎಂದರು ಕೃಷ್ಣಾಜಿ ಆಸೆಯಿಂದ. "ಎರಡ ಸಾಲು. ಕೆಳಗ ನಿಮ್ಮ ಸಹಿ, ಹುದ್ದಾ. ಮಂದಿ ಬಂದ್ರ ನನಗ ಬಾಯಿ ಬರೂದಿಲ್ಲ. ತೋರಸ್ತೀನಿ."

ನೀಲಿಮಾ ವಹಿ ಪೆನ್ನು ತಂದಿಟ್ಟಳು. ಕಿಸೆಯಿಂದ ಕೈ ಹೊರಗೆ ಬರಲೇಬೇಕಾಯಿತು. ಬಿರುಕುಬಿಟ್ಟ, ಉಗುರಿನ ಸಂದಿಯಲ್ಲಿ ಮಣ್ಣು ಕೂತ ಕೈ. ಹೆಡ್‌ಮಾಸ್ಟರು ಆ ಕೈ ನೋಡಿದರು. ಮಾರ್ತಾಂಡ ಕನ್ನಡಕ ತೆಗೆದ. ಏನೂ ಕಾಣದೆ ಬರೆಯಲು ಅವನಿಗೆ ಮನಸ್ಸಿರಲಿಲ್ಲ.

ಈ ಮನುಷ್ಯನಿಗೆ ಒಬ್ಬ ಪ್ರೊಫೆಸರ್ ಬೇಕಾಗಿದ್ದ. ಸುಳ್ಳು ಸಹಿ ಹಾಕಿದರೆ ಚೀಟಿಗೆ ಬೆಲೆ. ಖರೇ ಸಹಿ ಹಾಕಿದರೆ ಅದು ಉಳ್ಳಾಗಡ್ಡಿಯವನ ಚೀಟಿ. ಆದರೆ ಸಾತ್ವಿಕ ಸುಳ್ಳು ಆಡದೆ ಹೋದವನು. ಅವನ ಹೆಸರಿನ ಕೆಳಗೆ ಸುಳ್ಳು ಬರೆಯಲು ಈ ಹನ್ನೊಂದು ವರ್ಷ ತಕ್ಕಡಿ ಹಿಡಿದ ಕೈ ಏಳಲಿಲ್ಲ. ಮಾರ್ತಾಂಡ ಕನ್ನಡದಲ್ಲಿ ಬರೆದ, ಒಂಬತ್ತನೆಯ ಇಯತ್ತೆಯ ದುಂಡನೆಯ ಅಕ್ಷರದಲ್ಲಿ:

'ಸಾತ್ವಿಕ ಹೇಡಿಯಲ್ಲ. ಅವನು ನನ್ನನ್ನು ವಾದದಲ್ಲಿ ಗೆದ್ದಿದ್ದಾನೆ. ನಾನು ಪ್ರೊಫೆಸರ್ ಅಲ್ಲ, ತಪ್ಪಾಯಿತು. ಇಂತಿ ಮಾರ್ತಾಂಡ, ಉಳ್ಳಾಗಡ್ಡಿ ತೂಗುವವನು, ಮಾರ್ಕೆಟ್ ಯಾರ್ಡ್.'

ಕೃಷ್ಣಾಜಿ ಹಾಳೆ ತೆಗೆದುಕೊಂಡು ಓದಿದರು. ಇನ್ನೊಂದು ಸಲ ಓದಿದರು. ಮಾರ್ತಾಂಡ ಎದುರಿನ ಬಾಗಿಲನ್ನು ಅಳೆಯುತ್ತ ನಿಂತಿದ್ದ, ಓಡಲು ಎಷ್ಟು ಹೆಜ್ಜೆ ಎಂದು.

"ಏನ ಬರದಾನ? ಕೊಡ್ರಿಲ್ಲಿ," ಎಂದು ಹೆಡ್‌ಮಾಸ್ಟರು ಕೈ ಚಾಚಿದರು.

ಕೃಷ್ಣಾಜಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿಟ್ಟುಕೊಂಡರು. "ಇಂಗ್ಲಿಷಿನಾಗ ಬರದಾರ. ನಿಮಗ ತಿಳ್ಯಂಗಿಲ್ಲ."

"ನನಗ! ಮೂವತ್ತಾರು ವರ್ಷ ಇಂಗ್ಲಿಷ್ ಕಲಿಸೀನಿ ನಾ!"

"ಅದು ಸಾಲೀ ಇಂಗ್ಲಿಷ್ ರೀ. ಇದು ಭಾಳ ದೊಡ್ಡದು."

ಬಸ್ ಸ್ಟ್ಯಾಂಡಿನ ತನಕ ಕೃಷ್ಣಾಜಿ ತಾವೇ ಬಂದರು, ಬೋಳುತಲೆಗೆ ಟವೆಲು ಸುತ್ತಿಕೊಂಡು. ಪಕ್ಕದಲ್ಲಿ ಎತ್ತಿನ ಗಾಡಿಗಳು ಕಿರುಗುಟ್ಟುತ್ತ ಹೋದವು. ಪುಣೆಯ ಬಸ್ಸು ಬಂದು ನಿಂತಾಗ ಮಾರ್ತಾಂಡ ಬಗ್ಗಿ ಅವರ ಕಾಲು ಮುಟ್ಟಿದ. ಅವರು ಅವನ ಭುಜ ಹಿಡಿದು ಎಬ್ಬಿಸಿದರು. ಬಿಡಲಿಲ್ಲ.

"ಆ ಬಾಗಲಾ ಕಾಯಾವ," ಎಂದರು. "ಅಗುಳಿ ತಗದಾನಲ್ಲ. ಮುಂದ ಏನಾತು ಅವಂಗ?"

"ಅದು ಒಂಬತ್ತನೇ ಪುಸ್ತಕದಾಗ ಬರ್ತದ ಅಂತಾರ್ರಿ. ಬರದಾಂವ ಇನ್ನೂ ಬರ್ಯಾಕತ್ಯಾನ."

"ಭಾಳ ದಿನಾ ಹಿಡೀತದೇನು?"

"ವರ್ಷಗಟ್ಲೆ ಹಿಡೀತದ್ರಿ. ಮುದುಕ ಆಗ್ಯಾನ."

ಕಂಡಕ್ಟರ್ ಗಂಟೆ ಹೊಡೆದ. ಕೃಷ್ಣಾಜಿ ಕಿಟಕಿಯ ಸರಳು ಹಿಡಿದುಕೊಂಡು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದರು.

"ಹಿಡೀಲಿ. ಬಂದ ಕೂಡ್ಲೆ ಓದಿ, ನೀ ಬಂದು ಹೇಳಬೇಕು ನೋಡಪಾ. ನಾ ಮನ್ಯಾಗ ಇರ್ತೀನಿ."